ದಯವಿಟ್ಟು ತಿರಸ್ಕರಿಸಿ

ಸತ್ತವರಿಗೆ ಚಳಿಯಾಗುವುದಿಲ್ಲ ಎಂಬ ವಿಷಯವನ್ನು ಶಾನ್ಶಿ ಪ್ರಾಂತ್ಯದ ನಮ್ಮ ಯುನ್‌ಗೌ ಪಟ್ಟಣದ ಪರಿಸರ ಕಚೇರಿಯು ಸುತ್ತೋಲೆ ಸಂಖ್ಯೆ ಹದಿನೇಳರ ಮೂಲಕ ಖಚಿತಪಡಿಸಿದೆ. ಆ ಸುತ್ತೋಲೆಗೆ ಮೊಹರು ಒತ್ತಿದವನು ನಾನೇ, ಆದ್ದರಿಂದ ಯಾರಿಗೂ ಅನುಮಾನ ಬೇಡ.

ಅದಕ್ಕೆ ಮುಂಚೆ ಜನ ಬೇರೆ ಥರ ತಿಳಿದುಕೊಂಡಿದ್ದರು. ಚಾಂದ್ರಮಾನದ ಹತ್ತನೇ ತಿಂಗಳ ಮೊದಲ ದಿನ, ಸತ್ತವರಿಗೆ ಚಳಿಬಟ್ಟೆ ಕಳಿಸುವ ಹಬ್ಬದಲ್ಲಿ, ನಾಲ್ಕು ದಾರಿ ಕೂಡುವಲ್ಲಿ ಸುಣ್ಣದಲ್ಲಿ ವೃತ್ತ ಬರೆದು, ಹತ್ತಿ ತುಂಬಿದ ಕಾಗದದ ಕೋಟಿನ ಮೇಲೆ ಸತ್ತವರ ಹೆಸರು, ವಿಳಾಸ ಬರೆದು ಸುಡುತ್ತಿದ್ದರು. ಹೊಗೆಯಾಗಿ ಹೋದದ್ದು ಅಲ್ಲಿ ಬಟ್ಟೆಯಾಗಿ ಮುಟ್ಟುತ್ತದಂತೆ. ಹೊಗೆ ಹೋಗುತ್ತದೆ ಎಂಬಷ್ಟನ್ನು ಕಚೇರಿಯೂ ಒಪ್ಪಿಕೊಂಡು, ಅದನ್ನೇ ನಿಷೇಧಿಸಿತು. ಬದಲಿಗೆ ಪ್ರತಿ ಮನೆಯವರೂ ಒಂದು ಹೂಕುಂಡಕ್ಕೆ ಮೂರು ಸಲ ನಮಸ್ಕರಿಸತಕ್ಕದ್ದು. ಹೂಕುಂಡ ಇಲ್ಲದವರು ಅದರ ಚಿತ್ರಕ್ಕೆ ನಮಸ್ಕರಿಸಬಹುದು. ಊರಾಚೆ ಕಲ್ಲಿದ್ದಲಿನಿಂದ ಕೋಕ್ ಮಾಡುವ ಕಾರ್ಖಾನೆ ಹಗಲಿರುಳು ಹೊಗೆ ಉಗುಳುವುದು ನಿಜ. ಆದರೆ ಆ ಹೊಗೆಯಲ್ಲಿ ಭಕ್ತಿ ಇಲ್ಲದ್ದರಿಂದ ಸುತ್ತೋಲೆ ಅದಕ್ಕೆ ಅನ್ವಯಿಸುವುದಿಲ್ಲ.

ಹೋದ ವರ್ಷ ಹಬ್ಬಕ್ಕೆ ಮೂರು ದಿನ ಇರುವಾಗ ಹೌ ಲಾನ್‌ಇಂಗ್ ಅಜ್ಜಿ ಬಂದಳು. ನಮ್ಮ ಕಚೇರಿಯ ಹಿತ್ತಲಿನ ಬಾಯ್ಲರಿಗೆ ಮೂವತ್ತು ವರ್ಷ ಕಲ್ಲಿದ್ದಲು ಹಾಕಿ, ಅದೇ ವರ್ಷದ ಬೇಸಿಗೆಯಲ್ಲಿ ತೀರಿಕೊಂಡ ಗೆಂಗ್ ಬಾವೋಶಾನರ ಹೆಂಡತಿ. ಕಂಕುಳಲ್ಲಿ ನೀಲಿ ಕಾಗದದ ಕೋಟು.

"ಮಗಾ, ನಮ್ಮೆಜಮಾನ್ರು ದಿನಾ ಕನಸಲ್ಲಿ ಬರ್ತಾರೆ. ಹಲ್ಲು ಕಟಕಟ ಅಂತಿರುತ್ತೆ. ಜೀವಮಾನ ಪೂರ್ತಿ ಬೆಂಕಿ ಮುಂದೆ ಕೂತೋರು, ಚಳಿ ತಡ್ಕೊಂಡು ಅಭ್ಯಾಸ ಇಲ್ಲ."

"ಚಳಿ ಆಗಲ್ಲ ಅಂತ ಸುತ್ತೋಲೆ ಬಂದಿದೆ ಅಜ್ಜಿ."

"ಅದು ಅವರಿಗೆ ಹೆಂಗಪ್ಪಾ ಗೊತ್ತಾಗ್ಬೇಕು? ಆ ಸುತ್ತೋಲೇನೂ ಸುಟ್ಟು ಕಳ್ಸಿದ್ರೆ ತಾನೆ ಮುಟ್ಟೋದು!"

ಇದು ನನ್ನ ಮಟ್ಟದ ಪ್ರಶ್ನೆ ಅಲ್ಲ. ವಿಭಾಗದ ಮುಖ್ಯಸ್ಥ ಚಿಯಾವ್ ಸಾಹೇಬರ ಮುಂದೆ ಅಜ್ಜಿಯನ್ನು ನಿಲ್ಲಿಸಿದೆ. ಸಾಹೇಬರು ಒಳ್ಳೆಯವರು, ವಿನಾಯಿತಿ ಅರ್ಜಿ ಕೊಡಿಸಿದರು. ನಾನೇ ತುಂಬಿದೆ. ಮೃತರ ಹೆಸರು, ಈಗಿನ ವಿಳಾಸ, ಲಗತ್ತು: ಕೋಟು ಒಂದು.

ಸಾಹೇಬರು ಕನ್ನಡಕ ಏರಿಸಿ ಕೇಳಿದರು, "ಫಲಾನುಭವಿಯ ಸಹಿ ಎಲ್ಲಿ?"

"ಅಯ್ಯೋ, ಅವರು ಸತ್ತೋಗಿದಾರಲ್ಲ ಸ್ವಾಮಿ!"

"ಅದಕ್ಕೇನಮ್ಮಾ, ಹೆಬ್ಬೆಟ್ಟಾದ್ರೂ ನಡೆಯುತ್ತೆ."

ಹೆಬ್ಬೆಟ್ಟೂ ಇಲ್ಲದ್ದರಿಂದ 'ತಿರಸ್ಕೃತ' ಎಂಬ ಕೆಂಪು ಮೊಹರು ಬಿತ್ತು. ನಿಯಮದ ಪ್ರಕಾರ ಲಗತ್ತಿನ ಮೇಲೂ ಒಂದು, ಸರಿಯಾಗಿ ಎದೆಯ ಜಾಗಕ್ಕೆ.

"ಹೋಗ್ಲಿ, ಕೋಟು ಕೊಡು," ಅಂದಳು ಅಜ್ಜಿ.

"ಸಲ್ಲಿಸಿದ ದಾಖಲೆ ವಾಪಸ್ ಕೊಡೋ ಹಾಗಿಲ್ಲ ಅಜ್ಜಿ."

"ನಿಮ್ಮ ಕಚೇರಿಗಿಷ್ಟು ಬೆಂಕಿ ಬೀಳ! ಹನ್ನೆರಡು ದಿನ ಕೂತು ಅಂಟಿಸಿದೀನಿ ಕಣೋ, ಈ ಹಾಳು ಕಣ್ಣಿಟ್ಕೊಂಡು! ಅದನ್ನಿಟ್ಕೊಂಡು ನೀವೇನು ಉಪ್ಪಿನಕಾಯಿ ಹಾಕ್ತೀರಾ?" ನನಗೆ ಕರುಳು ಚುರುಕ್ ಎಂದಿತು, ಆದರೆ ಅದಕ್ಕೆ ನಮೂನೆ ಇಲ್ಲ.

ಸಮಾಧಾನಕ್ಕೆಂದು ನಿಯಮ ಓದಿ ಹೇಳಿದೆ. ತಿರಸ್ಕೃತ ಕಡತಗಳಲ್ಲಿ ಹೆಸರು, ವಿಳಾಸ ಇರುವುದರಿಂದ ಅವನ್ನು ಹರಿದು ಎಸೆಯದೆ, ಪ್ರತಿ ಶುಕ್ರವಾರ ಹಿತ್ತಲಿನ ಬಾಯ್ಲರಿನಲ್ಲಿ ಲಗತ್ತುಗಳ ಸಮೇತ ಸುಡತಕ್ಕದ್ದು.

ಅಜ್ಜಿ ಬೆರಳು ಮಡಿಸಿ ಎಣಿಸಿದಳು. ಶುಕ್ರವಾರವೇ ಹಬ್ಬ.

"ಅವರ ಬಾಯ್ಲರಿನಲ್ಲೇ?"

"ಅದರಲ್ಲೇ."

ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಕೇಳಿದಳು, "ಹೆಸರು, ವಿಳಾಸ ಸರಿಯಾಗಿ ಬರ್ದಿದೀಯಾ ತಾನೆ?"

ಮಾರನೆಯ ದಿನ ಬಾಗಿಲು ತೆಗೆಯುವ ಹೊತ್ತಿಗೆ ಸಾಲು ವಿನೆಗರ್ ಅಂಗಡಿ ದಾಟಿತ್ತು. ಕಾಗದದ ಕೋಟು, ಕಾಗದದ ಹೊದಿಕೆ, ಒಬ್ಬನ ತಲೆಯ ಮೇಲೆ ಕಾಗದದ ಮಂಚ. "ಸಾಹೇಬ್ರೇ, ದಯವಿಟ್ಟು ತಿರಸ್ಕರಿಸಿ" ಎಂದು ಎಲ್ಲರದೂ ಒಂದೇ ಬೇಡಿಕೆ. ಜನ ಇಷ್ಟು ವಿನಯದಿಂದ ನಡೆದುಕೊಂಡದ್ದನ್ನು ಕಚೇರಿ ಹಿಂದೆಂದೂ ಕಂಡಿರಲಿಲ್ಲ. ಒಂದೇ ಒಂದು ತೊಂದರೆಯಾಯಿತು. ಟೈಲರ್ ದುವಾನ್ ಪಾಪ, ತಂದೆ ಬದುಕಿದ್ದಾಗ ಖಾಲಿ ಹಾಳೆಗೆ ಒತ್ತಿಟ್ಟಿದ್ದ ಹೆಬ್ಬೆಟ್ಟನ್ನು ಲಗತ್ತಿಸಿಬಿಟ್ಟಿದ್ದ. ಅರ್ಜಿ ಮಂಜೂರಾಯಿತು. ಮಂಜೂರಾದ ಕಡತವನ್ನು ಲಗತ್ತಿನ ಸಮೇತ ಮೂವತ್ತು ವರ್ಷ ಬೀರುವಿನಲ್ಲಿಡಬೇಕು. ಸುಡಲು ಅನುಮತಿ ಅವನ ಕೈಯಲ್ಲಿ, ಸುಡಬೇಕಾದ ಕೋಟು ನಮ್ಮ ಬೀರುವಿನಲ್ಲಿ. ಅವನ ಗೋಳು ನೋಡಲಾಗದೆ ಸಾಹೇಬರು ಕೊನೆಗೆ ಕಾಗುಣಿತ ತಪ್ಪೊಂದನ್ನು ಹುಡುಕಿ ತಿರಸ್ಕರಿಸಿದರು. ಅವನು ಕಾಲಿಗೆ ಬಿದ್ದ. ಸಾಹೇಬರು ಎಂಥ ನಿಷ್ಪಕ್ಷಪಾತಿ ಎಂದರೆ, ಗುರುವಾರ ಸಂಜೆ ತಮ್ಮ ತಾಯಿಯ ಹೆಸರಿನ ಅರ್ಜಿಯನ್ನೂ ಮುಲಾಜಿಲ್ಲದೆ ತಿರಸ್ಕರಿಸಿದರು.

ಶುಕ್ರವಾರ ಬಾಯ್ಲರಿನ ಚಿಮಣಿ ಕಪ್ಪಗೆ ಹೊಗೆ ಬಿಟ್ಟಿತು. ಹಿತ್ತಲಿನ ತುಂಬ ಜನ, ಎಲ್ಲರೂ ಬಗ್ಗಿ ನಿಂತಿದ್ದರು. ವರದಿಯಲ್ಲಿ ಅದನ್ನು ಕಡತ ವಿಲೇವಾರಿಯ ಸಾರ್ವಜನಿಕ ಪರಿಶೀಲನೆ ಎಂದು ಬರೆದೆವು. ಊರಿನ ಒಂದು ದಾರಿಯಲ್ಲೂ ಒಂದು ಎಳೆ ಧಾರ್ಮಿಕ ಹೊಗೆ ಏಳದ್ದರಿಂದ ಯುನ್‌ಗೌಗೆ ಸ್ವಚ್ಛ ಗಾಳಿ ಪ್ರಶಸ್ತಿ ಬಂತು. ಆಡಳಿತಾತ್ಮಕ ಕಾರಣಗಳಿಂದಾಗಿ ಕಡತ ಸುಡುವ ದಿನವನ್ನು ಪ್ರತಿ ಶುಕ್ರವಾರದಿಂದ ಹತ್ತನೇ ತಿಂಗಳ ಮೊದಲ ದಿನಕ್ಕೆ ಬದಲಿಸಲಾಯಿತು.

ಈ ವರ್ಷ ಸಾಲಿನಲ್ಲಿ ಮೊದಲು ನಿಂತವಳು ಲಾನ್‌ಇಂಗ್ ಅಜ್ಜಿ. ಕೈಯಲ್ಲಿ ಕಾಗದದ ಪೈಜಾಮ.

"ಹೋದ್ಸಲದ್ದು ಮುಟ್ತಾ ಅಜ್ಜಿ?"

"ಮುಟ್ಟದೆ ಏನು! ಕನಸಲ್ಲಿ ಹಾಕ್ಕೊಂಡೇ ಬಂದಿದ್ರು. ಎದೆ ಮೇಲೆ ನಿಮ್ಮ ಕೆಂಪು ಮೊಹರು. ಅದನ್ನ ನೋಡಿ ಅಲ್ಲಿನ ಗುಮಾಸ್ತರು ಎದ್ದು ನಿಲ್ತಾರಂತೆ, ಇವರು ಎಲ್ಲೂ ಸಾಲಲ್ಲಿ ನಿಲ್ಲೋದೇ ಬೇಡವಂತೆ."

ನಾನು ಮೊಹರಿಗೆ ಶಾಯಿ ತಾಗಿಸಿದೆ.

"ಸ್ವಲ್ಪ ಗಟ್ಟಿಯಾಗಿ ಒತ್ತು ಮಗಾ," ಅಂದಳು ಅಜ್ಜಿ. "ಹೋದ್ಸಲ ಮಸುಕಾಗಿತ್ತಂತೆ."

ಎದ್ದು ನಿಂತು, ಎರಡೂ ಕೈಯಿಂದ ಒತ್ತಿದೆ.