ಟ್ಯಾಬ್ಲೆಟ್ ಹಿಡಿದವಳು ಬಿಡುವಾಗಿರುತ್ತಾಳೆ

ಮನೆಯಲ್ಲಿ ಒಬ್ಬರು ಕೆಲಸದಲ್ಲಿದ್ದಾರೋ ಬಿಡುವಾಗಿದ್ದಾರೋ ಎಂಬುದನ್ನು ಉಳಿದವರು ಮುಖ ನೋಡಿ ತಿಳಿಯುವುದಿಲ್ಲ, ಅವರ ಮುಂದಿರುವ ವಸ್ತುವನ್ನು ನೋಡಿ ತಿಳಿಯುತ್ತಾರೆ. ನಮ್ಮ ಯಜಮಾನರು ಆಫೀಸಿನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಮುಚ್ಚಳ ಎತ್ತಿದರೆ ಸಾಕು, ಅತ್ತೆ ಟೀವಿಯ ಸದ್ದು ತಗ್ಗಿಸುತ್ತಾರೆ, ಮಗಳು ಶ್ರುತಿ ಫೋನಿನ ಮಾತನ್ನು ಬಾಲ್ಕನಿಗೆ ಸಾಗಿಸುತ್ತಾಳೆ, ನಾನು ಕುಕ್ಕರ್ ಎಲ್ಲಿ ಸೀಟಿ ಹಾಕಿಬಿಡುತ್ತದೋ ಎಂದು ಗ್ಯಾಸ್ ಸಣ್ಣದು ಮಾಡುತ್ತೇನೆ. ಅವರು ಒಳಗೆ ಇಸ್ಪೀಟು ಆಡುತ್ತಿದ್ದರೂ ನಮಗೆ ಗೊತ್ತಾಗುವುದಿಲ್ಲ. ಈ ಕಡೆಯಿಂದ ಕಾಣುವುದು ಮುಚ್ಚಳದ ಬೆನ್ನು ಮಾತ್ರ, ಅದರ ಮೇಲೆ ಅವರ ಗಂಭೀರವಾದ ಹುಬ್ಬು. ಅದೇ ನನ್ನ ಕೈಯಲ್ಲಿ ಟ್ಯಾಬ್ಲೆಟ್ ಕಂಡರೆ ಮನೆಯವರಿಗೆಲ್ಲ ಒಮ್ಮೆಲೇ ಚಹಾ ನೆನಪಾಗುತ್ತದೆ.

ಟ್ಯಾಬ್ಲೆಟ್ ಎಂಬುದು ಊರಿಗೇ ಹೊಸದಾಗಿದ್ದಾಗ ಇವರು ಅದನ್ನು ದೀಪಾವಳಿಗೆಂದು ತಂದರು. ನಡುಮನೆಯಲ್ಲಿ ನಿಂತು, ಹೊಸ ಸೊಸೆಯನ್ನು ಪರಿಚಯಿಸುವವರ ಹಾಗೆ ಅದರ ಗುಣಗಳನ್ನು ಹೊಗಳಿದರು. “ಲ್ಯಾಪ್‌ಟಾಪಿನ ಹಾಗೆ ಮೇಜೂ ಬೇಡ, ಕುರ್ಚಿಯೂ ಬೇಡ. ಅಡುಗೆಮನೆಗೂ ಬರ್ತದೆ, ಹಾಸಿಗೆಗೂ ಬರ್ತದೆ. ಇನ್ನೆಂತ ಬೇಕು ನಿಂಗೆ?” ನನಗೆ ಬೇಕಾಗಿದ್ದದ್ದು ಅಡುಗೆಮನೆಗೆ ಬಾರದಂಥ ಒಂದು ವಸ್ತು. ಅದನ್ನು ಆಗ ಹೇಳಲು ಹೊಳೆಯಲಿಲ್ಲ. ಉಡುಪಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದು ಥ್ಯಾಂಕ್ಯೂ ಹೇಳುವುದನ್ನು. ಯಾರಾದರೂ ಏನಾದರೂ ಕೈಗಿಟ್ಟರೆ ನನ್ನ ಬಾಯಿಂದ ಅದು ತಾನಾಗಿಯೇ ಬಂದುಬಿಡುತ್ತದೆ, ಬೇಕಾಗಿದ್ದದ್ದು ಬೇರೆಯೇ ಆಗಿದ್ದರೂ.

ಕೆಲವು ತಿಂಗಳು ಅದು ನನ್ನದೆಂಬ ಹೆಸರಿನಲ್ಲಿ ಎಲ್ಲರದ್ದೂ ಆಗಿತ್ತು. ಮಧ್ಯಾಹ್ನ ಅತ್ತೆ ಅದರಲ್ಲಿ ಯಕ್ಷಗಾನ ನೋಡುವರು, ಸಂಜೆ ಶ್ರುತಿ ಅದರೊಳಗಿನ ಆಟದಲ್ಲಿ ಹಣ್ಣು ಕತ್ತರಿಸುವಳು. ನಿಜವಾದ ಹಣ್ಣು ಕತ್ತರಿಸಲು ಹೇಳಿದರೆ ಮಾತ್ರ, “ಮಮ್ಮಾ, ಪಾಂಚ್ ಮಿನಿಟ್!” ನನಗೂ ಅಂಥ ಬೇಸರವೇನಿರಲಿಲ್ಲ, ಐರಿನ್ ಫೋನು ಮಾಡುವವರೆಗೆ.

ಐರಿನ್ ಕಾನ್ವೆಂಟಿನಲ್ಲಿ ನನ್ನ ಬೆಂಚಿನವಳು. ಈಗ ನನ್ನ ಹಾಗೆಯೇ ಈ ಮರಾಠಿ ಸೀಮೆಗೆ ಬಂದು, ಕೋಪರಖೈರಣೆಯ ತನ್ನ ಫ್ಲ್ಯಾಟಿನಲ್ಲೇ ಕೂತು ಶಾಲಾಮಕ್ಕಳ ಅಭ್ಯಾಸ ಪುಸ್ತಕಗಳನ್ನು ತಯಾರಿಸುತ್ತಾಳೆ. “ಇಂಗ್ಲಿಷ್ ತಿದ್ದಲಿಕ್ಕೆ ಜನ ಸಿಗ್ತಿಲ್ಲ ಮಾರಾಯ್ತಿ. ಬರುವವರ ಇಂಗ್ಲಿಷನ್ನೇ ಮೊದಲು ತಿದ್ದಬೇಕು. ಮನೆಯಲ್ಲೇ ಕೂತು ಮಾಡ್ತೀಯಾ? ಒಂದು ಪುಸ್ತಕ ಕಳಿಸ್ತೇನೆ, ನೋಡುವ” ಎಂದಳು. ಮದುವೆಯಾದ ಮೇಲೆ ನನ್ನ ಇಂಗ್ಲಿಷನ್ನು ಯಾರಾದರೂ ಕೇಳಿದ್ದು ಬ್ಯಾಂಕಿನ ಸ್ಲಿಪ್ಪು ತುಂಬಿಸಲಿಕ್ಕೆ, ಅದೂ ನೆರೆಮನೆಯವರು. ಫೋನಿಟ್ಟ ಮೇಲೆ ನಾನು ಸುಮ್ಮನೆ ಅಡುಗೆಮನೆಯ ಕಟ್ಟೆಯನ್ನು ಮತ್ತೊಮ್ಮೆ ಒರೆಸಿದೆ. ಅದು ಆಗಲೇ ಒರೆಸಿದ ಕಟ್ಟೆ.

ಮೂರನೇ ತರಗತಿಯ ಪುಸ್ತಕ ಬಂತು. ಆಫೀಸಿನ ಲ್ಯಾಪ್‌ಟಾಪ್ ಇವರ ಜೊತೆ ಬೆಳಿಗ್ಗೆ ಲೋಕಲ್ ರೈಲು ಹತ್ತಿ ಹೋಗುತ್ತದೆ, ಹಾಗಾಗಿ ನನ್ನ ಪಾಲಿಗೆ ಟ್ಯಾಬ್ಲೆಟ್ಟೇ. ಒಂದು ಅಲ್ಪವಿರಾಮ ಸೇರಿಸಲು ಬೆರಳಿಟ್ಟರೆ ಕೆಳಗಿನಿಂದ ಅಕ್ಷರಗಳ ಹಾಸೊಂದು ಎದ್ದು ಅರ್ಧ ಪುಟವನ್ನೇ ಮುಚ್ಚುತ್ತಿತ್ತು. ನಾನು ತಿದ್ದುತ್ತಿದ್ದ ಸಾಲು ಅದರ ಅಡಿಯಲ್ಲಿ, ಚಾಪೆಯ ಕೆಳಗೆ ಹೋದ ಕಡಲೆಯ ಹಾಗೆ. ಅದನ್ನು ಮೇಲೆ ಎಳೆದರೆ ಅಲ್ಪವಿರಾಮ ಬೇರೆ ಯಾವುದೋ ಹಸುವಿನ ಪಾಠಕ್ಕೆ ಹೋಗಿ ಕೂರುತ್ತಿತ್ತು. ಬೆರಳು ಒದ್ದೆಯಿದ್ದರೆ ಅದಕ್ಕೆ ತಿಳಿಯುವುದಿಲ್ಲ, ಹಿಟ್ಟಾಗಿದ್ದರೆ ತಿಳಿಯುವುದಿಲ್ಲ. ನನ್ನ ಬೆರಳು ಒದ್ದೆಯೂ ಹಿಟ್ಟೂ ಆಗಿರದ ಹೊತ್ತು ದಿನದಲ್ಲಿ ಎಷ್ಟಿದ್ದೀತು? ನಡುವೆ ಅತ್ತೆ, “ಹೇಗೂ ಬಿಡುವಾಗಿ ಕೂತಿದ್ದೀಯಲ್ಲ, ಒಂದು ತೆಂಗಿನಕಾಯಿ ತುರಿದುಬಿಡು” ಎನ್ನುವರು. “ಕೆಲಸ ಮಾಡ್ತಿದ್ದೇನೆ ಅತ್ತೆ” ಎಂದರೆ ಕನ್ನಡಕ ಸರಿಪಡಿಸಿಕೊಂಡು ಟ್ಯಾಬ್ಲೆಟ್ಟನ್ನೇ ನೋಡಿ, “ಇದರಲ್ಲಾ?” ಎನ್ನುವರು. ಅವರ ತಪ್ಪಲ್ಲ. ನಿನ್ನೆ ಮಧ್ಯಾಹ್ನವಷ್ಟೇ ಅದರೊಳಗೆ ಯಕ್ಷಗಾನದ ಭೀಮ ಕುಣಿದಿದ್ದ.

ಟ್ಯಾಬ್ಲೆಟ್ಟಿನ ಗಾಜಿಗೆ ಆಳವಿಲ್ಲ, ಅದೇ ನನ್ನ ದೊಡ್ಡ ದುಃಖ. ಕಾನ್ವೆಂಟು ಮುಗಿಸಿ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಾಗ ನಮ್ಮ ಕೈಗಳ ಮೇಲೆ ಒಂದು ಬಟ್ಟೆ ಹೊದಿಸುತ್ತಿದ್ದರು, ಕೀಲಿಗಳನ್ನು ನೋಡಬಾರದೆಂದು. ಬಟ್ಟೆಯ ಕತ್ತಲಲ್ಲಿ ಬೆರಳು ತಾನೇ ದಾರಿ ಹುಡುಕಿಕೊಂಡು ಹೋಗಿ, ಒತ್ತಿದೊಡನೆ ಒಂದಿಷ್ಟು ಕೆಳಗಿಳಿದು, ಆಯಿತು ಎಂದು ಹೇಳಿ ಮೇಲೆ ಬರುತ್ತಿತ್ತು. ಗಾಜಿನ ಮೇಲೆ ಬೆರಳು ಎಲ್ಲಿಗೂ ಇಳಿಯುವುದಿಲ್ಲ. ಮುಚ್ಚಿದ ಬಾಗಿಲನ್ನು ಇಡೀ ಮಧ್ಯಾಹ್ನ ತಟ್ಟಿದ ಹಾಗೆ. ಇವರು ಸಂಜೆ ಟಕಟಕ ಎಂದು ಒತ್ತುತ್ತಿದ್ದರೆ ನಾನು ರೊಟ್ಟಿ ಬಡಿಯುತ್ತಲೇ ಕಿವಿಗೊಡುತ್ತಿದ್ದೆ. ಪಕ್ಕದ ಮನೆಯಲ್ಲಿ ಯಾರೋ ನಮ್ಮೂರಿನ ಮಾತಾಡಿದರೆ ಹೀಗೆಯೇ ಆಗುತ್ತದೆ, ಕೈ ತಡೆಯುತ್ತದೆ.

ಹೇಗೋ ಒಂದೇ ಬೆರಳಿನಲ್ಲಿ ಪುಸ್ತಕ ಮುಗಿಸಿ ಕಳಿಸಿದೆ. ಐರಿನ್ ಕುಣಿದಾಡಿದಳು. “ವರ್ಷಪೂರ್ತಿ ಕೆಲಸ ಉಂಟು ನಿಂಗೆ! ಆದ್ರೆ ಆ ಹಲಗೆಯಲ್ಲಿ ಒದ್ದಾಡಬೇಡ, ಒಂದು ಲ್ಯಾಪ್‌ಟಾಪ್ ತಗೊಳ್ಳು.” ಸಂಭ್ರಮದಿಂದ ಇವರಿಗೆ ಹೇಳಿದೆ. ಇವರಿಗೆ ನನಗಿಂತ ಹೆಚ್ಚು ಸಂಭ್ರಮ. “ನೋಡಿದ್ಯಾ! ನಾನು ಹೇಳಿರಲಿಲ್ವಾ, ಟ್ಯಾಬ್ಲೆಟ್ಟಲ್ಲೇ ಎಲ್ಲ ಆಗ್ತದೆ ಅಂತ?” ಕೆಲಸ ಕೆಟ್ಟಿದ್ದರೆ ನನಗೆ ಲ್ಯಾಪ್‌ಟಾಪಿನ ಯೋಗ್ಯತೆಯಿಲ್ಲ. ಚೆನ್ನಾಗಿ ಆದದ್ದರಿಂದ ಅದರ ಅಗತ್ಯವಿಲ್ಲ. ಎಷ್ಟು ಕೆಟ್ಟದಾಗಿ ಮಾಡಿದ್ದರೆ ಸರಿಯಾಗುತ್ತಿತ್ತು ಎಂದು ನಾನು ಬಹಳ ಯೋಚಿಸಿದ್ದೇನೆ.

ಆದರೂ ನನ್ನ ಮುಖ ಬಾಡಿದ್ದು ಕಂಡಿರಬೇಕು. ಶನಿವಾರ ಆಫೀಸಿನಿಂದ ನೇರವಾಗಿ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು, “ಬಾ, ಅಂಗಡಿಯಲ್ಲಿ ಕೇಳಿಯೇ ಬಿಡುವ” ಎಂದು ಫೋನು ಮಾಡಿದರು. ಲೋಕಲ್ ಹಿಡಿದು ಹೋದೆ. ದೊಡ್ಡ ಅಂಗಡಿ. ಸಾಲಾಗಿ ಬಾಯಿ ತೆರೆದುಕೊಂಡು ಕೂತ ಲ್ಯಾಪ್‌ಟಾಪುಗಳು. ಇವರು ಬೆಲೆ ಚೀಟಿ ನೋಡುತ್ತಿದ್ದಾಗ ನಾನು ಒಂದರ ಕೀಲಿಗಳ ಮೇಲೆ ಬೆರಳಿಟ್ಟೆ. ಇಟ್ಟೆ ಅಷ್ಟೇ, ಒತ್ತಲಿಲ್ಲ. ಅಷ್ಟರಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ ಬಂದು ನನ್ನನ್ನು ಬಿಟ್ಟು ಇವರನ್ನು ಕೇಳಿದ: “ಮ್ಯಾಡಮ್ ಕೇ ಲಿಯೇ? ರೆಸಿಪಿ, ಫೋಟೋ, ವೀಡಿಯೋ... ಟ್ಯಾಬ್ಲೆಟ್ ಬಹುತ್ ಹೈ, ಸರ್.” ನನಗೆ ಟ್ಯಾಬ್ಲೆಟ್ಟೇ ಧಾರಾಳವಂತೆ.

ನನಗೆ ರೇಗಿತು. ನಿಧಾನದ ಸ್ವಭಾವದವರಿಗೆ ರೇಗಿದರೆ ಹೀಗೆಯೇ, ಸರಿಯಾದ ಹೊತ್ತಿಗೆ ತಪ್ಪಾದ ಮಾತು ಬರುತ್ತದೆ. “ರೆಸಿಪಿಯಲ್ಲ. ನಾನು ಇಡೀ ಒಂದು ಪುಸ್ತಕವನ್ನು ಟ್ಯಾಬ್ಲೆಟ್ಟಿನಲ್ಲೇ ತಿದ್ದಿದ್ದೇನೆ” ಎಂದು ಸಿಸ್ಟರ್‌ಗಳು ಮೆಚ್ಚುವಂಥ ಇಂಗ್ಲಿಷಿನಲ್ಲಿ ಹೇಳಿ, ಚೀಲದಿಂದ ಅದನ್ನು ತೆಗೆದು ಕೌಂಟರಿನ ಮೇಲಿಟ್ಟು, ಪುಟ ತೆರೆದು, ಅಲ್ಪವಿರಾಮ ಹಾಕಿಯೂ ತೋರಿಸಿದೆ. ಆವತ್ತು ಮಾತ್ರ ಆ ಅಲ್ಪವಿರಾಮ ಹೇಳಿದ ಜಾಗದಲ್ಲೇ ಕೂತಿತು, ದ್ರೋಹಿ. ಸೇಲ್ಸ್‌ಮನ್ ಇನ್ನಿಬ್ಬರನ್ನು ಕರೆದು ತೋರಿಸಿದ. “ಅರೇ ವಾಹ್! ಫಿರ್ ಲ್ಯಾಪ್‌ಟಾಪ್ ಕಿಸ್ ಲಿಯೇ, ಸರ್?” ಮತ್ತೇಕೆ ಬೇಕು ಎಂದು ಅವನ ಪ್ರಶ್ನೆ. ಇವರು ಎದೆಯುಬ್ಬಿಸಿ, “ಇವಳು ಎಂತ ಬೇಕಾದ್ರೂ ಮಾಡ್ತಾಳೆ” ಎಂದರು. ನಾಲ್ಕು ಜನರೆದುರು ಇವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಅದನ್ನು ಕೇಳಿಸಿಕೊಳ್ಳುತ್ತ ನಿಂತವಳಿಗೆ ನಡುವೆ ಬಾಯಿ ಹಾಕುವ ಮನಸ್ಸಾಗಲಿಲ್ಲ. ಟ್ಯಾಬ್ಲೆಟ್ಟಿಗೊಂದು ಕೆಂಪು ಹೊದಿಕೆ ಕೊಂಡು ಹೊರಬಂದೆವು. ಥ್ಯಾಂಕ್ಯೂ ಎಂದೆ.

ಠಾಣೆ ಸ್ಟೇಷನ್ನಿನಲ್ಲಿ ಜನವೋ ಜನ. “ನಮ್ಮ ಡಬ್ಬದ ರಶ್ಶಲ್ಲಿ ಇದು ಚಪಾತಿ ಆಗ್ತದೆ, ನೀನು ಹಿಡ್ಕೋ” ಎಂದು ಇವರು ಲ್ಯಾಪ್‌ಟಾಪಿದ್ದ ಆಫೀಸಿನ ಚೀಲವನ್ನು ನನ್ನ ಹೆಗಲಿಗೆ ಹಾಕಿ ಗಂಡಸರ ಬೋಗಿಯ ಕಡೆ ಓಡಿದರು. ಹೆಂಗಸರ ಡಬ್ಬದಲ್ಲಿ ಅಪರೂಪಕ್ಕೆ ಕಿಟಕಿ ಸಿಕ್ಕಿತು. ಪಕ್ಕದಲ್ಲಿ ಕುತ್ತಿಗೆಗೆ ಆಫೀಸಿನ ಗುರುತಿನ ಚೀಟಿಯ ಪಟ್ಟಿ ಹಾಕಿಕೊಂಡಿದ್ದ ಒಬ್ಬಾಕೆ ಬಟಾಣಿ ಬಿಡಿಸುತ್ತಿದ್ದಳು. ಚೀಲವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಶನಿವಾರೀಸುದ್ಧಾ ಆಫೀಸ್ ಕಾ?” ಎಂದು ಮರಾಠಿಯಲ್ಲಿ ಮರುಗಿದಳು. ಶನಿವಾರವೂ ಬಿಡುವುದಿಲ್ಲವೇ ಈ ಆಫೀಸಿನವರು! ನಾನು “ಹೂಂ” ಎಂದದ್ದು ಮರಾಠಿಯಲ್ಲೋ ಕನ್ನಡದಲ್ಲೋ ಗೊತ್ತಿಲ್ಲ. ಆಕೆ ಸರಿದು ಮೊಣಕೈಗೆ ಜಾಗ ಮಾಡಿಕೊಟ್ಟಳು.

ಜಾಗ ಸಿಕ್ಕಿದ ಮೇಲೆ ಸುಮ್ಮನಿರುವುದು ಹೇಗೆ? ಮುಂಬ್ರಾ ದಾಟಿದ ಮೇಲೆ ಜಿಪ್ ಎಳೆದೆ. ಮಡಿಲ ಮೇಲಿಟ್ಟು ಮುಚ್ಚಳ ಎತ್ತಿದೆ. ಪರದೆ ಬೆಳಗಿ ಪಾಸ್‌ವರ್ಡ್ ಕೇಳಿತು. ಅದು ನನಗೆ ಗೊತ್ತಿಲ್ಲ. ಆದರೆ ಖಾಲಿ ಚೌಕವಿತ್ತು, ಕೀಲಿಗಳಿದ್ದವು. ಅಂಗಡಿಯಲ್ಲಿ ಹೇಳಬೇಕಾಗಿದ್ದ ಮಾತನ್ನು ಅಲ್ಲಿ ಟೈಪ್ ಮಾಡತೊಡಗಿದೆ: ನಾನು ಹೇಳಿದ್ದೆಲ್ಲ ಜಂಭಕ್ಕೆ, ಟ್ಯಾಬ್ಲೆಟ್ಟಿನಲ್ಲಿ ಆಗುತ್ತದೆ ನಿಜ, ಆದರೂ ನನಗೂ ಒಂದು ಬೇಕು. ಹತ್ತೂ ಬೆರಳು ನೋಡದೆಯೇ ಓಡಿದವು. ಪರದೆಯ ಮೇಲೆ ಮಾತಿಲ್ಲ, ಸಾಲುಸಾಲು ಚುಕ್ಕೆಗಳು.

ಪಕ್ಕದಾಕೆ ಬಟಾಣಿ ನಿಲ್ಲಿಸಿ ಬಗ್ಗಿ ನೋಡಿ, ಇಷ್ಟು ಉದ್ದವೇ ಎಂದು ಬೆರಗಾದಳು. “ಅಗ ಬಾಈ! ಏವಢಾ ಮೋಠಾ ಪಾಸ್‌ವರ್ಡ್?”

ಕೆಲಸ ಸ್ವಲ್ಪ ದೊಡ್ಡದು ಎಂದು ಹೇಳಿ, ನಾನು ಚುಕ್ಕೆಗಳನ್ನು ಮುಂದುವರಿಸಿದೆ.