ಹತ್ತು ನಿಮಿಷ ಮೊದಲೇ ತೆರೆಯುವ ಬಾಗಿಲು

ಸಿನಿಮಾ ಪಾಠ ಹೇಳುವವಳು ನಗಿಸುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾನು ಹಾಜರಿ ಕೂಗುವ ಮೊದಲೇ ಅವು ಬಂದು ಬೆಂಚಿನ ಮೇಲೆ ಕೂತಿರುತ್ತವೆ.

ನಡುವಿನ ಸಿನಿಮಾ

ನಮ್ಮವ್ವ ಕಂಪ್ಲಿಯ ಒಂದು ಟಾಕೀಸಿನಲ್ಲಿ ಹೆಂಗಸರ ಕಡೆಯ ಗೇಟ್‌ಕೀಪರ್ ಆಗಿದ್ದಳು. ಟಿಕೆಟ್ ಹರಿದು ಎಲ್ಲರನ್ನೂ ಕೂರಿಸಿ ನಾವಿಬ್ಬರೂ ಒಳಗೆ ಹೋಗುವಷ್ಟರಲ್ಲಿ ಕಥೆ ಅರ್ಧ ದಾರಿಗೆ ಬಂದಿರುತ್ತಿತ್ತು. ನುಗ್ಗಾಟ ಆಗಬಾರದೆಂದು, ಮುಗಿಯಲು ಹತ್ತು ನಿಮಿಷ ಇರುವಾಗಲೇ ಬಾಗಿಲು ತೆರೆದು ಹೊರಗೆ ನಿಲ್ಲಬೇಕು. ಹೀಗಾಗಿ ನಾನು ನೋಡಿದ್ದೆಲ್ಲ ಸಿನಿಮಾದ ನಡು ಮಾತ್ರ. ಮೊದಲು, ಕೊನೆ ಎರಡನ್ನೂ ನಾನೇ ಕಟ್ಟಿಕೊಳ್ಳುತ್ತಿದ್ದೆ.

ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿ, ಮನೆಯಲ್ಲಿ ಕೂತೇ ಪರೀಕ್ಷೆ ಕಟ್ಟಿ, ಕೊನೆಗೆ ಅತಿಥಿ ಉಪನ್ಯಾಸಕಿಯಾದೆ. ಅತಿಥಿಗೆ ವರ್ಷ ವರ್ಷ ಬಾ ಅನ್ನುತ್ತಾರೆ, ಇರು ಅನ್ನುವುದಿಲ್ಲ. ನನಗೆ ಬೇಕಾಗಿದ್ದು ವಿಶ್ವವಿದ್ಯಾಲಯದ ಕಾಯಂ ಹುದ್ದೆ.

ಮೊದಲ ಸಲ ಸಂದರ್ಶನಕ್ಕೆ ಹೋದಾಗ ಒಬ್ಬರು ಹಳೆಯ ಚಿತ್ರವೊಂದರ ಕೊನೆ ಏನೆಂದು ಕೇಳಿದರು. ನಾನು ಕಟ್ಟಿಕೊಂಡಿದ್ದನ್ನೇ ಹೇಳಿದೆ.

"ಅದು ಹಂಗ ಮುಗಿಯಂಗಿಲ್ಲರೀ," ಅಂದರು.

"ಹಂಗ ಮುಗದಿದ್ರ ಚೊಲೋ ಇರ್ತಿತ್ತಲ್ರೀ ಸರ್?"

ಅವರು ಕನ್ನಡಕ ತೆಗೆದು ಯೋಚಿಸಿದರು. "ಭಾಳ ಚೊಲೋ ಇರ್ತಿತ್ತು," ಅಂದರು. ಕೆಲಸ ಬೇರೆಯವರಿಗೆ ಕೊಟ್ಟರು.

ಹೆಲ್ಮೆಟ್ಟಿನ ಪಟ್ಟಿ

ಸಂಡೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳ ತಂದೆ ಬಂದರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರು. "ಮಗಳನ್ನ ಓದಾಕ ಕಳಿಸಿದ್ರ ನೀವು ಸಿನಿಮಾ ತೋರಸ್ತೀರಂತಲ್ರೀ," ಅಂದರು.

"ನೀವೂ ಕುಂದ್ರಿ. ಆಮ್ಯಾಲ ಬೈರಿ," ಅಂದೆ.

ಕೂತರು. ಪರದೆಯ ಮೇಲೆ ನಾಯಕ ಕಾರ್ಖಾನೆಯಲ್ಲಿ ಓಡಾಡುತ್ತಿದ್ದ. ಇವರು ಎದ್ದು ನಿಂತರು. "ಮೇಡಂ, ಅವನ ಹೆಲ್ಮೆಟ್ಟಿನ ಪಟ್ಟಿ ಬಿಚ್ಚೈತಿ. ಬೂಟಿಗೆ ಒಂದು ಚೂರು ಧೂಳಿಲ್ಲ. ಇವ ಎಂದೂ ಕೆಲಸ ಮಾಡಿಲ್ಲ, ಸುಳ್ಳ ಹೇಳಾಕತ್ಯಾನ."

ಸೀಮೆಸುಣ್ಣ ಅವರ ಕೈಗೆ ಕೊಟ್ಟೆ. ಉಳಿದ ತಾಸು ಅವರೇ ಪಾಠ ಮಾಡಿದರು. ಮುಂದಿನ ವಾರ ಪಾಳಿಯ ಗೆಳೆಯರಿಬ್ಬರನ್ನು ಕರೆದುಕೊಂಡು ಬಂದರು. ಆ ದಿನ ತರಗತಿಗೆ ಬಾರದಿದ್ದವಳು ಅವರ ಮಗಳೊಬ್ಬಳೇ.

ಪರವಾನಗಿ ಬೇಡದ ಸ್ಟ್ಯಾಂಡು

ಹಂಪಿಯಲ್ಲಿ ನಮ್ಮ ತರಗತಿಯ ಹುಡುಗರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಫೋನು ಇಟ್ಟು ಪುಟ್ಟ ಚಿತ್ರ ತೆಗೆಯುತ್ತಿದ್ದರು: ಹರಿಗೋಲಿನವನೊಬ್ಬ ಹೊಳೆದಂಡೆಯಲ್ಲಿ ಯಾರಿಗೋ ಕಾಯುವ ಕಥೆ. ಕಾವಲುಗಾರ ಬಂದ. "ಫೋನಿಗೆ ನಡೀತೈತ್ರೀ. ಸ್ಟ್ಯಾಂಡಿಗೆ ಪರವಾನಗಿ ಬೇಕು."

ಪರವಾನಗಿ ಇರಲಿಲ್ಲ. ವಾಪಸು ಹೋಗುವ ಮನಸ್ಸೂ ಇರಲಿಲ್ಲ. ಕಾಲು ಅಗಲಿಸಿ ಬಂಡೆಗೆ ಒರಗಿ ನಿಂತು, ಹೆಗಲ ಮೇಲೆ ಫೋನು ಇಡಿಸಿಕೊಂಡೆ. ಕಾವಲುಗಾರ ನನ್ನ ಸುತ್ತ ಒಂದು ಸುತ್ತು ಹಾಕಿ, ಯಾವ ನಿಯಮವೂ ಸಿಗದೆ ಹುಡುಗರ ಜೊತೆ ಫೋನಿನ ಪರದೆ ನೋಡುತ್ತ ನಿಂತ. ಸ್ವಲ್ಪ ಹೊತ್ತಿಗೆ ಅವನದೇ ದನಿ: "ಮೇಡಂ, ಉಸರ ಬಿಗಿ ಹಿಡೀರಿ. ಹೊಳಿ ಅಲಗ್ಯಾಡಾಕತ್ತೈತಿ."

ಬಾಗಿಲು

ಕಾಯಂ ಹುದ್ದೆಗೆ ಮತ್ತೆ ಕರೆ ಬಂತು. ಈ ಸಲ ಆಯ್ಕೆ ಸಮಿತಿಯ ಮುಂದೆ ಅಲ್ಲಿನ ವಿದ್ಯಾರ್ಥಿಗಳಿಗೆ ಒಂದು ತರಗತಿ ತೆಗೆದುಕೊಳ್ಳಬೇಕಿತ್ತು. ವಯಸ್ಸಿನ ಮಿತಿ ಮುಟ್ಟಿದ್ದೆ, ಇದೇ ಕೊನೆಯ ಅವಕಾಶ. ಬುತ್ತಿ ಕಟ್ಟಿಕೊಂಡು ಜೊತೆಗೆ ಬಂದಿದ್ದ ಅವ್ವ ಹಿಂದಿನ ಬೆಂಚಿನಲ್ಲಿ ಕೂತಳು. ಸಮಿತಿಯ ಹಿರಿಯರೊಬ್ಬರು ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡು, "ಹೊಸಪೇಟೆಯಿಂದ ನನಗೆ ಟ್ರೇನ್ ಇದೆ. ಬೇಗ ಮುಗಿಸಿ," ಅಂದರು.

ಹರಿಗೋಲಿನ ಚಿತ್ರವನ್ನು ನಡುವಿನಿಂದ ತೋರಿಸಿ ನಿಲ್ಲಿಸಿದೆ. "ಇವ ಯಾರಿಗೆ ಕಾಯಾಕತ್ಯಾನ? ಬರ್ತಾರೋ ಇಲ್ಲೋ? ಕಣ್ಣಿಗೆ ಕಂಡದ್ದನ್ನ ಹಿಡದು ಹೇಳ್ರಿ."

ಹೆಂಡತಿಗೆ ಅಂದಳು ಒಬ್ಬಳು. ಇಲ್ಲ, ಸಾಲ ವಸೂಲಿಯವನಿಗೆ ಅಂದ ಇನ್ನೊಬ್ಬ. ಚೀಲದ ಹಿರಿಯರು ತಡೆಯಲಾರದೆ, "ಯಾರಿಗೂ ಅಲ್ಲ, ಅವನು ಬರೀ ಕೂತಿದ್ದಾನೆ," ಅಂದರು. "ಮತ್ತ ಎರಡು ಹುಟ್ಟು ಯಾಕ ಇಟ್ಕೊಂಡಾನ್ರೀ ಸರ್?" ಅಂತ ಹುಡುಗಿಯೊಬ್ಬಳು ಕೇಳಿದಳು. ಹಿರಿಯರು ಚೀಲ ಕೆಳಗಿಟ್ಟರು.

ಆಗ ಹಿಂದೆ ದಡಾರನೆ ಸದ್ದಾಯಿತು. ಅವ್ವ ಎರಡೂ ಬಾಗಿಲು ತೆರೆದು ಹೊರಗೆ ನಿಂತಿದ್ದಳು.

"ಸಮಯ ಆಯ್ತೇನಮ್ಮಾ?" ಅಂದರು ಸಮಿತಿಯ ಅಧ್ಯಕ್ಷರು.

"ಇನ್ನ ಹತ್ತು ನಿಮಿಷ ಐತ್ರಿ," ಅಂದಳು ಅವ್ವ. "ಮಂದಿ ನುಗ್ಗಬಾರದಂತ ಮೊದಲ ತೆಗದೀನಿ."

ಬಾಗಿಲು ತೆರೆದರೆ ಯಾವ ತರಗತಿ ಉಳಿಯುತ್ತದೆ? ಆದರೆ ಒಬ್ಬರೂ ಏಳಲಿಲ್ಲ. ಹಿರಿಯರು ಬಾಗಿಲ ಕಡೆ ತಿರುಗಿಯೂ ನೋಡದೆ, "ಕೊನೆ ತೋರಿಸಿ," ಅಂದರು.

"ಟ್ರೇನು ಸರ್?"

"ಅದು ಹೋಗಲಿ ಬಿಡಿ ಮೇಡಂ."

ಅವರ ಟ್ರೇನು ಹೋಯಿತು, ನನಗೆ ಕೆಲಸ ಸಿಕ್ಕಿತು.

ಆದೇಶದ ಕಾಗದ ಬಂದ ದಿನ ಓಡಿಹೋಗಿ ಅವ್ವನಿಗೆ ಓದಿ ಹೇಳಿದೆ. "ಅದು ನಂಗ ಅವತ್ತ ಗೊತ್ತಾತು," ಅಂದಳು. "ನಾ ಬಾಗಲಾ ತೆಗದ ಮ್ಯಾಲೂ ಮಂದಿ ಕುಂತದ್ದು ನನ್ನ ಸರ್ವಿಸಿನ್ಯಾಗ ಅದ ಮೊದಲು. ಅದಿರ್ಲಿ, ಆ ಹರಿಗೋಲಿನಂವಂದು ಕೊನೀಗೆ ಏನಾತಲೇ? ನಾ ಹೊರಗ ಇದ್ದೆ."

ಒಳಗಿನಿಂದ ಚಿಲಕ ಹಾಕಿ, ಪಕ್ಕದಲ್ಲಿ ಕೂರಿಸಿಕೊಂಡು, ಫೋನಿನಲ್ಲಿ ಚಿತ್ರ ಹಚ್ಚಿದೆ. ಕೊನೆ ಹತ್ತಿರ ಬಂದಿತು. ಅವ್ವ ಪರದೆಯಿಂದ ಕಣ್ಣು ಕೀಳದೆಯೇ ಮೆಲ್ಲಗೆ ಏಳತೊಡಗಿದಳು.

ಸೆರಗು ಹಿಡಿದು ಕೂರಿಸಿದೆ.