ನೂರನಾಲ್ಕು ಕಿಲೋಮೀಟರ್ ದೂರದ ಅಕ್ಕ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಕಣ್ಣು ಮಿಟುಕಿಸುವುದರೊಳಗೆ ಹೇಳಿಬಿಡುವ ಅಂತರ್ಜಾಲ ಪುಟದ ಮಾನ್ಯರೇ,

ತಾವು ಮನುಷ್ಯರೋ ಯಂತ್ರವೋ ತಿಳಿಯದ ಕಾರಣ, ಇಬ್ಬರಿಗೂ ಸಲ್ಲುವಂತೆ ಕೈಮುಗಿದು ಆರಂಭಿಸುತ್ತೇನೆ. ನಾನು ಇಪ್ಪತ್ತಾರು ವರ್ಷಗಳಿಂದ ಭೂಗೋಳದ ಮೇಷ್ಟ್ರು. ನಕ್ಷೆಯಲ್ಲಿ ರಸ್ತೆಯ ಉದ್ದವನ್ನು ದಾರ ಹಾಸಿ ಅಳೆಯಬೇಕೇ ಹೊರತು ಸ್ಕೇಲಿಟ್ಟಲ್ಲ ಎಂದು ಮಕ್ಕಳ ತಲೆ ತಿಂದವನು, ಸ್ಕೇಲಿಟ್ಟವರಿಗೆ ಸೊನ್ನೆ ಸುತ್ತಿದವನು. ಮುಂದೆ ನಗುವಾಗ ತಮಗೆ ಅನುಕೂಲವಾಗಲೆಂದು ಈ ಅರ್ಹತೆಗಳನ್ನು ಮೊದಲೇ ಒಪ್ಪಿಸಿದ್ದೇನೆ.

ಹನ್ನೊಂದು ವರ್ಷದ ಹಿಂದೆ ಊಟಕ್ಕೆ ಬಂದ ಭಾವ, ಅವರ ಮನೆಯಿಂದ ನಮ್ಮಲ್ಲಿಗೆ “ಒಂದಿಪ್ಪತ್ತು ಕಿಲೋಮೀಟರ್ ಇರಬಹುದು” ಎಂದರು. ನಾನು ಎದ್ದುಹೋಗಿ ನಕ್ಷೆ ತಂದು, ಅವರ ತಟ್ಟೆಯ ಪಕ್ಕದಲ್ಲೇ ಹರಡಿ, ಇಪ್ಪತ್ಮೂರೂವರೆ ಎಂದು ನೆಂಟರೆದುರು ಸಾಬೀತು ಮಾಡಿದೆ. ಭಾವ ಅರ್ಧ ಊಟಕ್ಕೆ ಕೈತೊಳೆದರು, ಅಕ್ಕ ಅವರ ಹಿಂದೆಯೇ ಹೊರಟಳು, ಅಂದಿನಿಂದ ಮಾತು ನಿಂತಿತು.

ಹೋದ ತಿಂಗಳು ಆ ಅಕ್ಕನೇ ಫೋನ್ ಮಾಡಿ, ದೂರದೂರಿಗೆ ಹೋಗುವಾಗ ನಡುವೆ ಒಂದು ಸಣ್ಣ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕೆಂದು ತಿಳಿಸಿ, “ಒಂದರಿಂದ ನಾಲ್ಕರವರೆಗೆ ಒಬ್ಬಳೇ ಕೂತಿರ್ತೀನಿ ಕಣೋ, ಬರೋ ಹಾಗಿದ್ರೆ ಬಾ” ಎಂದಳು. ನಮ್ಮೂರಿನಿಂದ ಅಲ್ಲಿಗೆ ವಿಮಾನವಿರಲಿಲ್ಲ, ಅದರ ಪಕ್ಕದ ನಿಲ್ದಾಣಕ್ಕಿತ್ತು. ಆ ಎರಡರ ನಡುವೆ ಎಷ್ಟು ದೂರವೆಂದು ತಮ್ಮನ್ನು ಕೇಳಿದರೆ ತಾವು ದಪ್ಪಕ್ಷರದಲ್ಲಿ ನೂರನಾಲ್ಕು ಎಂದಿರಿ. ಅದರ ಕೆಳಗೇ, ರಸ್ತೆಯಲ್ಲಾದರೆ ಇನ್ನೂರ ಅರವತ್ಮೂರು ಎಂಬ ಸತ್ಯವನ್ನೂ ಬರೆದಿದ್ದಿರಿ. ಮೊದಲ ಸಾಲಿಗೇ ಹಿಗ್ಗಿ ಪುಟ ಮುಚ್ಚಿದವನು ನಾನು.

ಆ ದಿನ ಹನ್ನೊಂದು ಗಂಟೆಗೆ ಇಳಿದು ಟ್ಯಾಕ್ಸಿ ಹತ್ತಿ, ಎರಡು ಗಂಟೆಯಲ್ಲಿ ತಲುಪಿಸಬೇಕು ಎಂದಾಗ ಚಾಲಕ ನನ್ನನ್ನು ಕನಿಕರದಿಂದ ನೋಡಿ, “ಮಧ್ಯದಲ್ಲಿ ಗುಡ್ಡ ಇದೆಯಲ್ಲ ಸಾರ್, ಅದನ್ನೇನು ಮಾಡೋಣ?” ಎಂದ. ಆ ಗುಡ್ಡಸಾಲಿನ ಬಗ್ಗೆ ನಾನು ವರ್ಷಕ್ಕೆರಡು ಸಲ ಪಾಠ ಮಾಡುತ್ತೇನೆ.

ಆದ್ದರಿಂದ ತಾವು ದಯಮಾಡಿ ಸದರಿ ಗುಡ್ಡವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಡಬೇಕು; ಅದಾಗದಿದ್ದರೆ ರಸ್ತೆಯ ಎರಡೂ ತುದಿ ಹಿಡಿದೆಳೆದು ನೆಟ್ಟಗೆ ಮಾಡಿಸಬೇಕು; ಅದೂ ಆಗದಿದ್ದರೆ ದಪ್ಪಕ್ಷರದ ಪಕ್ಕದಲ್ಲಿ ‘ಹಕ್ಕಿಗಳಿಗೆ ಮಾತ್ರ, ಭೂಗೋಳದ ಮೇಷ್ಟ್ರುಗಳಿಗಲ್ಲ’ ಎಂದಾದರೂ ಬರೆಸಬೇಕೆಂದು ಪ್ರಾರ್ಥನೆ.

ಮೂರೂವರೆಗೆ ಅಕ್ಕನ ಫೋನ್ ಬಂತು. ಎಷ್ಟು ದೂರವಿದ್ದೀಯ ಎಂದಳು. ಆಗಷ್ಟೇ ದಾಟಿದ ಮೈಲಿಗಲ್ಲಿನಲ್ಲಿ ಎಪ್ಪತ್ತೊಂದು ಎಂದಿತ್ತು. ನನ್ನ ಬಾಯಿಂದ “ಒಂದಿಪ್ಪತ್ತು ಇರಬಹುದು” ಎಂದು ಬಂತು. ಅಕ್ಕ ನಕ್ಕು, ನಗುತ್ತಲೇ ಮೂಗು ಒರೆಸಿಕೊಂಡು, “ಇರಬಹುದಾ? ಆವತ್ತು ಸುಮ್ನೆ ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?” ಎಂದಳು. ನಾನು ತಲುಪಿದಾಗ ಐದು ಗಂಟೆ, ಅವಳ ವಿಮಾನ ಹೊರಟು ಒಂದು ಗಂಟೆಯಾಗಿತ್ತು.

ತಮ್ಮ ಅಂಕಿಗಳನ್ನು ಇನ್ನೂ ನಂಬುವ, ಆದರೆ ಎರಡನೆಯ ಸಾಲನ್ನೂ ಓದಲು ಕಲಿತ,
ತಮ್ಮ ವಿಶ್ವಾಸಿ,
ಭೂಗೋಳದ ಮೇಷ್ಟ್ರು

ಮರೆತ ಮಾತು: ಆ ಎರಡು ನಿಲ್ದಾಣಗಳ ನಡುವೆ ವಿಮಾನದಲ್ಲಿ ಇಪ್ಪತ್ತೊಂದೇ ನಿಮಿಷ ಎಂದೂ ತಾವು ನಮೂದಿಸಿದ್ದೀರಿ. ವಿಚಾರಿಸಿದೆ, ಅಂಥ ವಿಮಾನವೇ ಇಲ್ಲವಂತೆ. ಯಾವತ್ತಾದರೂ ಶುರುವಾದರೆ ತಿಳಿಸಿ, ಅವಸರವೇನಿಲ್ಲ. ಅಕ್ಕ ಅದೇ ದಾರಿಯಲ್ಲಿ ವಾಪಸಾಗುವುದು ಗುರುವಾರ, ಈ ಸಲ ಭಾವನೂ ಜೊತೆಗಿರುತ್ತಾರೆ. ನಾನು ಬುಧವಾರವೇ ಹೋಗಿ ಕೂತಿರುತ್ತೇನೆ.